ಟರ್ಬೋ ಹೋದಾಗ: ಹೊಸದು ಕೂರಿಸುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ನೋಡಿ

ಗಾಡಿ ಎಳೆಯುತ್ತಿಲ್ಲ, ಹೊಗೆ ಉಗುಳುತ್ತಿದೆ, ರೇಸ್ ಕೊಟ್ಟರೆ ಸೈರನ್ ಥರ ಕೂಗುತ್ತಿದೆ. ಈ ಮೂರರಲ್ಲಿ ಒಂದು ಕಂಡರೂ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಟರ್ಬೋ ಹೋಗಿದೆ ಸಾರ್, ಚೇಂಜ್ ಮಾಡಬೇಕು’. ಹಲವು ಸಲ ಟರ್ಬೋ ಚೆನ್ನಾಗಿಯೇ ಇರುತ್ತದೆ, ಹರಿದಿರುವುದು ಒಂದು ರಬ್ಬರ್ ಹೋಸ್ ಅಷ್ಟೇ. ನಿಜಕ್ಕೂ ಟರ್ಬೋ ಹೋಗಿದ್ದರೆ ಅದು ತಾನಾಗಿ ಹೋಗಿರುವುದು ಅಪರೂಪ. ಆಯಿಲ್ ಸಿಗದೆ, ಕೊಳೆ ಆಯಿಲ್ ಕುಡಿದು, ಧೂಳು ನುಂಗಿ ಅಥವಾ ಮಿತಿಮೀರಿ ಕಾಯ್ದು ಹೋಗಿರುತ್ತದೆ. ಆ ಕಾರಣ ಎಂಜಿನ್ನಿನಲ್ಲೇ ಉಳಿದರೆ ಹೊಸ ಟರ್ಬೋವನ್ನೂ ಅದೇ ಮುಗಿಸುತ್ತದೆ. ಆಯಿಲ್ ಪೈಪ್ ಕಟ್ಟಿಕೊಂಡಿದ್ದರೆ ಅದಕ್ಕೆ ಕೆಲವೇ ನಿಮಿಷ ಸಾಕು.

ಯಾಕೆ ಅಂತ ತಿಳಿಯಲು ಒಳಗಿನ ಕೆಲಸ ಸ್ವಲ್ಪ ಗೊತ್ತಿರಬೇಕು. ಒಂದು ಶಾಫ್ಟು, ಅದರ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಗಾಳಿಯನ್ನು ಒತ್ತಿ, ಅದನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಮೂಲಕ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರುಗಳ ಟರ್ಬೋ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಹೊಗೆಯ ಬಿಸಿ ಡೀಸೆಲ್‌ನಲ್ಲಿ 700–800 ಡಿಗ್ರಿ, ಪೆಟ್ರೋಲ್‌ನಲ್ಲಿ 950ರ ಆಚೆ. ಸಾಮಾನ್ಯ ಟರ್ಬೋಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟು ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆ ಪದರ ಕೆಲವು ಸೆಕೆಂಡು ಇಲ್ಲವಾದರೂ ಲೋಹಕ್ಕೆ ಲೋಹ ಉಜ್ಜುತ್ತದೆ.

ರಸ್ತೆಯಲ್ಲಿ ಕೈಕೊಟ್ಟರೆ

ಮೊದಲು ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ, ಪಿಕಪ್ ಇಲ್ಲ, ‘ಬುಸ್’ ಅನ್ನುವ ಸದ್ದು: ಇದು ಸಾಮಾನ್ಯವಾಗಿ ಹೋಸ್ ಬಿಟ್ಟಿರುವುದು ಅಥವಾ ಹರಿದಿರುವುದು. ಬಾನೆಟ್ ತೆಗೆದರೆ ಇಂಟರ್‌ಕೂಲರ್ ಹೋಸ್ ಕ್ಲಾಂಪಿನಿಂದ ಕಳಚಿರುವುದು ಕಣ್ಣಿಗೇ ಕಾಣಬಹುದು. ಹಾಗಿದ್ದರೆ ಆಯಿಲ್ ಮಟ್ಟ ನೋಡಿಕೊಂಡು, ಹೆಚ್ಚು ರೇಸ್ ಕೊಡದೆ, ನಿಧಾನವಾಗಿ ಹತ್ತಿರದ ಊರಿನವರೆಗೆ ಹೋಗಬಹುದು.

ನೀಲಿ ಅಥವಾ ನೀಲಿ ಬೆರೆತ ಬಿಳಿ ಹೊಗೆ ದಟ್ಟವಾಗಿ ಬಂದರೆ, ಜೊತೆಗೆ ಲೋಹ ಕೆರೆಯುವ ಸದ್ದು ಇದ್ದರೆ, ಅಲ್ಲೇ ನಿಲ್ಲಿಸಿ. ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ. ಮದ್ದೂರು ದಾಟಿದೆ, ಮಂಡ್ಯ ಇನ್ನೇನು ಇಪ್ಪತ್ತು ಕಿಲೋಮೀಟರ್, ಹೇಗೋ ತಲುಪಿಬಿಡೋಣ ಅನ್ನುವ ಲೆಕ್ಕ ಇಲ್ಲಿ ಬೇಡ. ಟರ್ಬೋದಲ್ಲಿ ಮುಗಿಯಬೇಕಾದ ಖರ್ಚು ಎಂಜಿನ್ ಬೋರಿನವರೆಗೆ ಹೋಗುವುದು ಆ ಇಪ್ಪತ್ತು ಕಿಲೋಮೀಟರಿನಲ್ಲೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿದ್ದರೆ ಪೂರ್ತಿ ಎಡಕ್ಕೆ ತನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ, ಗಾಡಿಯಲ್ಲಿರುವವರನ್ನು ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ. ತ್ರಿಕೋನವನ್ನು ಗಾಡಿಯಿಂದ ಕನಿಷ್ಠ 50 ಮೀಟರ್ ಹಿಂದೆ ಇಡಿ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033.

ಡೀಸೆಲ್ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇನ್ನೊಂದು ಅಪಾಯ ಗೊತ್ತಿರಲೇಬೇಕು. ಟರ್ಬೋ ಸೀಲ್ ಪೂರ್ತಿ ಒಡೆದು ಆಯಿಲ್ ಗಾಳಿಯ ದಾರಿಗೆ ಸುರಿದರೆ, ಎಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ತಾನಾಗಿ ಓಡತೊಡಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಏರುತ್ತದೆ, ಕೀ ತೆಗೆದರೂ ನಿಲ್ಲದೆ ಇರಬಹುದು. ಮ್ಯಾನುಯಲ್ ಗಾಡಿಯಾದರೆ ನಿಂತ ಜಾಗದಲ್ಲೇ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕನ್ನೂ ಎಳೆದು, ಐದನೇ ಅಥವಾ ಆರನೇ ಗೇರಿಗೆ ಹಾಕಿ ಕ್ಲಚ್ ಒಮ್ಮೆಲೇ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆಟೋಮ್ಯಾಟಿಕ್ ಆದರೆ ಈ ದಾರಿ ಇಲ್ಲ. ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಕೈಗೆ ಸಿಕ್ಕರೆ ಗಾಳಿ ಎಳೆಯುವ ಬಾಯಿಗೆ ಊದಬಹುದು, ಇಲ್ಲವಾದರೆ ಎಲ್ಲರೂ ದೂರ ಸರಿಯಿರಿ. ಆ ಬಾಯಿಗೆ ಕೈ ಅಥವಾ ಬಟ್ಟೆ ಅಡ್ಡ ಹಿಡಿಯುವ ಸಾಹಸ ಯಾವತ್ತೂ ಬೇಡ.

ಟರ್ಬೋನೇ ಹೋಗಿದೆಯೋ, ಬೇರೆ ಏನೋ?

ಸ್ಕ್ಯಾನರ್ ಹಾಕಿಸಿ, ಆದರೆ ಅದು ಹೇಳಿದ್ದನ್ನೇ ತೀರ್ಪು ಅಂದುಕೊಳ್ಳಬೇಡಿ. ಪಿ0299 ಅನ್ನುವ ಕೋಡ್ ಬಂದರೆ ಗಾಳಿಯ ಒತ್ತಡ ಸಾಲುತ್ತಿಲ್ಲ, ಪಿ0234 ಬಂದರೆ ಹೆಚ್ಚಾಗಿದೆ ಅಂತಷ್ಟೇ ಅರ್ಥ. ಯಾಕೆ ಅನ್ನುವುದನ್ನು ಹುಡುಕಬೇಕಾದವರು ನಾವು. ಹುಡುಕಾಟವನ್ನು ಅಗ್ಗದ ಕಡೆಯಿಂದ ಶುರು ಮಾಡಿ.

ಗೇಜ್ ಕಡ್ಡಿ ಎಳೆದು ನೋಡಿ. ಆಯಿಲ್ ಮೇಲಿನ ಗುರುತಿಗಿಂತ ಹೆಚ್ಚಿದೆಯಾ? ಸರ್ವಿಸ್ ಆದ ಕೂಡಲೇ ಟರ್ಬೋ ಕಡೆಯಿಂದ ಆಯಿಲ್ ಒಸರುತ್ತಿದೆ ಅನ್ನುವ ದೂರಿಗೆ ಇದೇ ಎಷ್ಟೋ ಸಲ ಕಾರಣ. ಟರ್ಬೋದಿಂದ ಆಯಿಲ್ ಕೆಳಗಿಳಿಯುವುದು ತನ್ನ ಭಾರದಿಂದ ಮಾತ್ರ, ಯಾವ ಪಂಪೂ ಅದನ್ನು ಎಳೆಯುವುದಿಲ್ಲ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ತುಂಬಿದ್ದರೆ ಇಳಿಯಲು ಜಾಗ ಸಿಗದೆ ಸೀಲ್ ದಾಟಿ ಹೊರಬರುತ್ತದೆ. ಏರ್ ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದ್ದರೂ ಅದೇ ಕಥೆ: ಗಾಳಿ ಸಿಗದ ಚಕ್ರ ಸೀಲಿನ ಹಿಂದಿನ ಆಯಿಲನ್ನೇ ಎಳೆದುಕೊಳ್ಳುತ್ತದೆ.

ಆಮೇಲೆ ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ಪಕ್ಕದಿಂದ ನುಸುಳಿ ಎಂಜಿನ್ನಿನ ಕೆಳಭಾಗಕ್ಕೆ ಇಳಿಯುವ ಒತ್ತಡ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತಿರುವಿ, ತೆಗೆಯದೆ ಸುಮ್ಮನೆ ಬಾಯಿಯ ಮೇಲೆ ಇಡಿ. ಡೀಸೆಲ್‌ನಲ್ಲಿ ಸ್ವಲ್ಪ ಅಲುಗಾಡುವುದು ಸಹಜ. ಕುಣಿದು ಹಾರಿಬಿದ್ದರೆ, ಹೊಗೆ ಒತ್ತಿಕೊಂಡು ಬರುತ್ತಿದ್ದರೆ, ಆ ಒತ್ತಡವನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದೆ ಅಥವಾ ಪಿಸ್ಟನ್ ರಿಂಗ್ ಸವೆದಿದೆ. ಈ ಎಂಜಿನ್ನಿಗೆ ಎಷ್ಟು ಟರ್ಬೋ ಕೂರಿಸಿದರೂ ಆಯಿಲ್ ಸೋರುತ್ತಲೇ ಇರುತ್ತದೆ.

ಹೋಸುಗಳ ಸೋರಿಕೆಗೆ ಹೊಗೆ ಬಿಟ್ಟು ನೋಡುವ ಯಂತ್ರ ಇರುವ ಗ್ಯಾರೇಜ್ ಸಿಕ್ಕರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಒಬ್ಬರು ರೇಸ್ ಕೊಡಲಿ, ಇನ್ನೊಬ್ಬರು ಹೋಸಿನ ಜೋಡಣೆಗಳಿಗೆ ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡಲಿ. ಬೆಲ್ಟಿನಿಂದ ಕೈ, ಬಟ್ಟೆ ದೂರವಿರಲಿ. ಹೋಸ್ ಸೀಳಿರುವುದು ಕೆಳಭಾಗದಲ್ಲೇ ಹೆಚ್ಚು, ಆದ್ದರಿಂದ ಬಿಚ್ಚಿ, ಬಗ್ಗಿಸಿ ನೋಡಿ.

ಟರ್ಬೋದ ಒತ್ತಡವನ್ನು ಹತೋಟಿಯಲ್ಲಿಡುವ ಕಡ್ಡಿಯನ್ನು ಎಳೆಯುವ ಭಾಗ ಆಕ್ಚುಯೇಟರ್. ಅದು ನಿರ್ವಾತದಿಂದ ಕೆಲಸ ಮಾಡುವಂಥದ್ದಾದರೆ ಕೈ ಪಂಪಿನಿಂದ ಎಳೆದು ನೋಡಿ. ಕಡ್ಡಿ ಸಲೀಸಾಗಿ ಚಲಿಸಬೇಕು, ಎಳೆದ ನಿರ್ವಾತ ಒಂದು ನಿಮಿಷವಾದರೂ ನಿಲ್ಲಬೇಕು. ನಿಲ್ಲದಿದ್ದರೆ ಅದರೊಳಗಿನ ರಬ್ಬರ್ ಪೊರೆ (ಡಯಾಫ್ರಂ) ಹರಿದಿದೆ. ಕಡ್ಡಿ ತಡವರಿಸಿದರೆ, ಹೊಗೆಯ ಹರಿವನ್ನು ತಿದ್ದುವ ಒಳಗಿನ ಸಣ್ಣ ರೆಕ್ಕೆಗಳಾದ ವೇನ್‌ಗಳಿಗೆ ಮಸಿ ಕಟ್ಟಿದೆ. ಮೈಸೂರಿನ ದೇವರಾಜ ಅರಸು ರಸ್ತೆಯಿಂದ ಕುವೆಂಪುನಗರ, ಅಲ್ಲಿಂದ ವಾಪಸ್ ಅಂತ ದಿನವೂ ಕೆಲವೇ ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಗಾಡಿಗಳಲ್ಲಿ ಈ ತೊಂದರೆ ಜಾಸ್ತಿ. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮಸಿ ಸುಟ್ಟುಹೋಗುವುದೂ ಇಲ್ಲ. ಇದಕ್ಕೆ ಟರ್ಬೋ ಬದಲಿಸಬೇಕಿಲ್ಲ. ಬಿಚ್ಚಿ ವೇನ್‌ಗಳನ್ನು ಶುಚಿ ಮಾಡಿದರೆ ಸಾಕು. ಅಲ್ಲಿರುವ ಸಣ್ಣ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ. ಅದನ್ನು ಫ್ಯಾಕ್ಟರಿಯಲ್ಲಿ ಗಾಳಿಯ ಹರಿವು ಅಳೆದು ಇಟ್ಟಿರುತ್ತಾರೆ.

ಕೊನೆಗೆ ಟರ್ಬೋ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಳಿ ಒಳಬರುವ ಹೋಸ್ ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಶಾಫ್ಟನ್ನು ಮೇಲೆ ಕೆಳಗೆ ಅಲುಗಾಡಿಸಿದರೆ ಸ್ವಲ್ಪ ಆಟ ಇದ್ದೇ ಇರುತ್ತದೆ, ಆಯಿಲ್ ಪದರಕ್ಕೆ ಬಿಟ್ಟ ಜಾಗ ಅದು. ಅದನ್ನೇ ತೋರಿಸಿ ‘ನೋಡಿ ಸಾರ್, ಪ್ಲೇ ಬಂದಿದೆ’ ಅಂದರೆ ಒಪ್ಪಬೇಡಿ. ಒಂದು ಬದಿಗೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆ ಗೋಡೆಗೆ ತಾಗಿದರೆ ಮಾತ್ರ ಬೇರಿಂಗ್ ಹೋಗಿದೆ. ಮುಂದಕ್ಕೆ ಹಿಂದಕ್ಕೆ ಎಳೆದು ತಳ್ಳಿದಾಗಲಾದರೋ ಬೆರಳಿಗೆ ಗೊತ್ತಾಗುವಷ್ಟು ಆಟ ಇರಲೇಬಾರದು. ಡಯಲ್ ಗೇಜ್ ಇಟ್ಟರೆ 0.1 ಮಿಲಿಮೀಟರ್ ಒಳಗಿರಬೇಕು. ಹೋಸಿನ ಒಳಗೆ ತೆಳುವಾದ ಆಯಿಲ್ ಲೇಪನ ಕಂಡರೆ ಗಾಬರಿ ಬೇಡ, ಬ್ರೀದರ್‌ನಿಂದ ಬರುವ ಆವಿ ಅದು. ಇಂಟರ್‌ಕೂಲರ್ ಹೋಸ್ ಬಗ್ಗಿಸಿದಾಗ ಆಯಿಲ್ ಸುರಿದರೆ ಮಾತ್ರ ಚಿಂತೆ.

ಬಿಚ್ಚಿದ ಟರ್ಬೋವನ್ನು ಓದುವುದು

ಟರ್ಬೋ ಹೋಗಿರುವುದು ಖಚಿತವಾದರೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಕಾರಣ ಅದರ ಮೈಮೇಲೇ ಇರುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ.

ಶಾಫ್ಟು ನೀಲಿಗಟ್ಟಿದ್ದರೆ, ಬೇರಿಂಗಿನ ಲೋಹ ಕರಗಿ ಮೆತ್ತಿಕೊಂಡಿದ್ದರೆ, ಆಯಿಲ್ ತಲುಪಿಲ್ಲ. ಟರ್ಬೋಗೆ ಆಯಿಲ್ ತರುವ ಫೀಡ್ ಪೈಪ್ ಒಳಗೆ ಕರಿ ಕಟ್ಟಿದೆ, ಆ ಪೈಪನ್ನು ಹಿಡಿದಿಡುವ ಟೊಳ್ಳಾದ ಬ್ಯಾಂಜೋ ಬೋಲ್ಟಿನೊಳಗಿನ ಪುಟ್ಟ ಜಾಲರಿ ಮುಚ್ಚಿದೆ, ಚೇಂಬರಿನಲ್ಲಿರುವ ಸ್ಟ್ರೈನರ್ ಕೆಸರಿನಿಂದ ಮುಚ್ಚಿದೆ ಅಥವಾ ಆಯಿಲ್ ಪಂಪೇ ಸೊರಗಿದೆ. ಆಯಿಲ್ ಸ್ವಿಚ್ ಜಾಗಕ್ಕೆ ಮುಳ್ಳಿನ ಗೇಜ್ ತಿರುವಿ ಒತ್ತಡ ಅಳೆಯಿರಿ. ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ ಒಂದು ಬಾರ್ ಆಸುಪಾಸು ಇರಬೇಕು, ರೇಸ್ ಕೊಟ್ಟಾಗ ಚೆನ್ನಾಗಿ ಏರಬೇಕು. ನಿಮ್ಮ ಎಂಜಿನ್ನಿನ ನಿಖರ ಅಂಕಿ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ.

ಬೇರಿಂಗಿನ ಮೇಲೆ ಉಗುರಿಗೆ ಸಿಗುವಂಥ ಗೆರೆಗಳಿದ್ದರೆ ಆಯಿಲಿನಲ್ಲಿ ಕಸವಿದೆ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ಹದಿನೈದು ಇಪ್ಪತ್ತು ಸಾವಿರದವರೆಗೆ ಎಳೆದಾಗ, ಅಗ್ಗದ ಫಿಲ್ಟರ್ ಹಾಕಿದಾಗ ಹೀಗಾಗುತ್ತದೆ.

ಗಾಳಿ ಎಳೆಯುವ ಅಲ್ಯುಮಿನಿಯಂ ಚಕ್ರದ ರೆಕ್ಕೆಗಳ ಅಂಚು ಮರಳುಕಾಗದದಲ್ಲಿ ಉಜ್ಜಿದ ಹಾಗೆ ಸವೆದು ತೆಳುವಾಗಿದ್ದರೆ ಅದು ಧೂಳಿನ ಕೆಲಸ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ಕಡೆ ನಾಲೆ ಏರಿಯ ಮೇಲೆ, ಟ್ರ್ಯಾಕ್ಟರ್ ಹಿಂದೆ ಓಡುವ ಗಾಡಿಗಳ ಏರ್ ಫಿಲ್ಟರ್ ಪೆಟ್ಟಿಗೆ ತೆಗೆದರೆ ಮಣ್ಣಿನ ಜೊತೆ ತರಗಿನ ಚೂರೂ ಸಿಗುತ್ತದೆ. ಇಂಥ ಓಡಾಟವಿದ್ದರೆ ಫಿಲ್ಟರನ್ನು ಕಂಪನಿ ಹೇಳಿದ ಅರ್ಧ ದೂರಕ್ಕೇ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಫಿಲ್ಟರ್ ಕಾಗದ ತೂತಾಗಿರುವುದು, ಪೆಟ್ಟಿಗೆಯ ಕ್ಲಿಪ್ ಮುರಿದು ಸಂದಿಯಿಂದ ಗಾಳಿ ಹೋಗುತ್ತಿರುವುದು, ಇವೆರಡನ್ನೂ ನೋಡಿ. ಫಿಲ್ಟರ್ ದಾಟಿದ ಮೇಲಿನ ಹೋಸಿನೊಳಗೆ ಬಿಳಿ ಬಟ್ಟೆ ಆಡಿಸಿ, ಮಣ್ಣು ಹತ್ತಿದರೆ ಫಿಲ್ಟರ್ ಹಿಡಿಯುತ್ತಿಲ್ಲ.

ಬಿಸಿ ಕಡೆಯ ಚಕ್ರದ ರೆಕ್ಕೆ ಜಜ್ಜಿದ್ದರೆ ಎಂಜಿನ್ನಿನೊಳಗಿನಿಂದ ಏನೋ ಕಳಚಿ ಬಂದಿದೆ: ಗ್ಲೋ ಪ್ಲಗ್ ತುದಿ, ವಾಲ್ವಿನ ಚೂರು, ಮ್ಯಾನಿಫೋಲ್ಡಿನ ತುಣುಕು. ಅದು ಎಲ್ಲಿಂದ ಬಂತು ಅಂತ ಸಿಗುವವರೆಗೆ ಹೊಸದನ್ನು ಡಬ್ಬದಿಂದ ತೆಗೆಯಬೇಡಿ. ಯಾವ ಚಕ್ರವೂ ಜಜ್ಜದೆ, ಬೇರಿಂಗ್ ಜಾಗದ ತುಂಬ ಗಟ್ಟಿ ಕರಿ ಮಾತ್ರ ಇದ್ದರೆ, ಕಾದ ಎಂಜಿನ್ನನ್ನು ಪದೇಪದೇ ತಟ್ಟನೆ ಆಫ್ ಮಾಡಿದ್ದಾರೆ. ನಿಂತ ಆಯಿಲ್ ಅಲ್ಲೇ ಸುಟ್ಟು ಕರಿಯಾಗಿದೆ.

ಪೂರ್ತಿ ಹೊಸದೋ, ಕೋರ್ ಮಾತ್ರವೋ

ಟರ್ಬೋ ಮೈಮೇಲೆ ಒಂದು ಸಣ್ಣ ಲೋಹದ ಫಲಕವಿರುತ್ತದೆ. ಅದರ ಪಾರ್ಟ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೈಸೂರಿನಲ್ಲಿ ಕೇಳಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿ, ಎಲ್ಲೇ ಆದರೂ ಗಾಡಿಯ ಹೆಸರು ಹೇಳಿ ಕೊಳ್ಳಬೇಡಿ, ಈ ನಂಬರ್ ಹೇಳಿ. ಒಂದೇ 1.3 ಲೀಟರ್ ಡೀಸೆಲ್ ಎಂಜಿನ್ 75 ಹಾರ್ಸ್‌ಪವರಿನಲ್ಲಿ ಒಂದು ಟರ್ಬೋ, 90ರಲ್ಲಿ ಇನ್ನೊಂದು ಟರ್ಬೋ ಹೊತ್ತು ಬಂದಿದೆ.

ಹೊರಗಿನ ಎರಕದ ಭಾಗಗಳು ಬಿರುಕಿಲ್ಲದೆ, ಗೋಡೆ ಕೆರೆಯದೆ ಇದ್ದರೆ ನಡುವಿನ ಕೋರ್ ಅಸೆಂಬ್ಲಿ (ಶಾಫ್ಟು, ಚಕ್ರ, ಬೇರಿಂಗ್ ಸೇರಿದ ಭಾಗ) ಮಾತ್ರ ಬದಲಿಸಬಹುದು. ಖರ್ಚು ಬಹಳ ಉಳಿಯುತ್ತದೆ. ಆದರೆ ಕೋರ್ ಬ್ಯಾಲೆನ್ಸ್ ಆಗಿ ಬಂದಿರಬೇಕು, ಬ್ಯಾಲೆನ್ಸ್ ಮಾಡಿದ ರಿಪೋರ್ಟ್ ಜೊತೆಗಿರಬೇಕು. ಬರೀ ಬೇರಿಂಗ್ ಕಿಟ್ ತಂದು ಮೇಜಿನ ಮೇಲೆ ಜೋಡಿಸಿದ್ದು ಒಂದೂವರೆ ಲಕ್ಷ ಸುತ್ತಿಗೆ ಬಾಳುವುದಿಲ್ಲ. ಎಲೆಕ್ಟ್ರಾನಿಕ್ ಆಕ್ಚುಯೇಟರ್ ಇರುವ ವೇರಿಯಬಲ್ (ವೇನ್ ಚಲಿಸುವ) ಟರ್ಬೋಗಳಲ್ಲಿ ಹೊಂದಾಣಿಕೆ ಸೂಕ್ಷ್ಮವಾದದ್ದು. ಅಲ್ಲಿ ಕಂಪನಿಯ ಹೊಸ ಟರ್ಬೋ ಅಥವಾ ತಯಾರಕರೇ ರೀಕಂಡೀಷನ್ ಮಾಡಿದ್ದೇ ಸರಿ. ಜಿಎಸ್‌ಟಿ ಬಿಲ್, ವಾರಂಟಿ ಅವಧಿ ಬರೆಸಿಕೊಂಡು ಹಳೆಯ ಭಾಗವನ್ನು ವಾಪಸ್ ಕೇಳಿ. ಮಾಮೂಲಿ ಕಾಂಪ್ರಹೆನ್ಸಿವ್ ಇನ್ಶೂರೆನ್ಸ್‌ನಲ್ಲಿ ಯಂತ್ರ ಸವೆದು ಕೆಡುವುದಕ್ಕೆ ಹಣ ಬರುವುದಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಮಾತ್ರ ಮೊದಲು ಅದನ್ನು ನೋಡಿ, ಅದಕ್ಕೆ ಸರ್ವಿಸ್ ದಾಖಲೆ ಬೇಕಾಗುತ್ತದೆ.

ಕೂರಿಸುವಾಗ

ಟರ್ಬೋ ಜೊತೆಗೆ ಇವು ಹೊಸದಾಗಿ ಬರಲೇಬೇಕು: ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಲ್ಲ ಗ್ಯಾಸ್ಕೆಟ್, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್‌ಗಳು, ಮತ್ತು ಆಯಿಲ್ ಫೀಡ್ ಪೈಪ್. ಪೈಪ್ ಮಾತ್ರ ಯಾವ ಕಾರಣಕ್ಕೂ ಹಳೆಯದು ಬೇಡ. ಒಳಗಿನ ಕರಿ ಕಣ್ಣಿಗೆ ಕಾಣುವುದಿಲ್ಲ, ಕೆರೋಸಿನ್ ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಅರೆಬರೆ ಎದ್ದ ಚೂರು ನೇರ ಹೊಸ ಬೇರಿಂಗಿಗೇ ಹೋಗುತ್ತದೆ. ಟರ್ಬೋದಿಂದ ಆಯಿಲ್ ಕೆಳಗಿಳಿಯುವ ಡ್ರೈನ್ ಪೈಪನ್ನು ಬೆಳಕಿಗೆ ಹಿಡಿದು ಆರ್‌ಪಾರ್ ಕಾಣುವಷ್ಟು ಶುಚಿ ಮಾಡಿ.

ಇಂಟರ್‌ಕೂಲರ್ ಬಿಚ್ಚಿ ಒಳಗಿನ ಆಯಿಲನ್ನು ಪೂರ್ತಿ ಬಸಿದು ತೊಳೆದು ಒಣಗಿಸಿ. ಇಲ್ಲದಿದ್ದರೆ ಮೊದಲ ಸಲ ಜೋರಾಗಿ ಓಡಿಸಿದಾಗ ಆ ಆಯಿಲ್ ಎಂಜಿನ್ನಿಗೆ ಹೋಗಿ, ಮೇಲೆ ಹೇಳಿದ ತಾನಾಗಿ ಓಡುವ ಅಪಾಯವನ್ನೇ ತರುತ್ತದೆ. ಚಕ್ರದ ರೆಕ್ಕೆ ಮುರಿದಿದ್ದರೆ ಚೂರುಗಳು ಇಂಟರ್‌ಕೂಲರಿನ ಸಂದಿಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಆಗ ಇಂಟರ್‌ಕೂಲರ್ ಬದಲಿಸುವುದೇ ಕ್ಷೇಮ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ. ಆಯಿಲ್ ಸುಟ್ಟ ಬೂದಿ ಅದನ್ನು ಕಟ್ಟಿಸಿದ್ದರೆ ಹೊಗೆ ಹೊರಹೋಗದೆ ಹೊಸ ಟರ್ಬೋ ಮಿತಿಮೀರಿ ಬಿಸಿಯಾಗುತ್ತದೆ, ಸ್ಕ್ಯಾನರಿನಲ್ಲಿ ಅದರ ಒತ್ತಡ ನೋಡಿ.

ಸ್ಟಡ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಮುರಿದರೆ ಒಂದು ದಿನದ ಕೆಲಸ ಮೂರು ದಿನವಾಗುತ್ತದೆ. ಆಯಿಲ್ ದಾರಿಯ ಗ್ಯಾಸ್ಕೆಟ್‌ಗಳಿಗೆ ಸಿಲಿಕಾನ್ ಪೇಸ್ಟ್ ಹಚ್ಚಲೇಬಾರದು. ಹೆಚ್ಚಾದ ಪೇಸ್ಟ್ ಒಳಕ್ಕೆ ಉಬ್ಬಿ ದಾರಿ ಮುಚ್ಚುತ್ತದೆ. ಟರ್ಬೋವನ್ನು ಆಕ್ಚುಯೇಟರ್ ಕಡ್ಡಿ ಹಿಡಿದು ಎತ್ತಬೇಡಿ. ನಟ್‌ಗಳನ್ನು ಟಾರ್ಕ್ ರೆಂಚಿನಿಂದಲೇ, ಮ್ಯಾನುಯಲ್ ಹೇಳಿದ ಅಳತೆಗೆ ಬಿಗಿಯಿರಿ.

ಮೊದಲ ಸ್ಟಾರ್ಟ್

ಫೀಡ್ ಪೈಪ್ ಜೋಡಿಸುವ ಮೊದಲು ಸಿರಿಂಜಿನಲ್ಲಿ 10–20 ಎಂಎಲ್ ಹೊಸ ಎಂಜಿನ್ ಆಯಿಲ್ ತೆಗೆದು ಟರ್ಬೋದ ಆಯಿಲ್ ರಂಧ್ರಕ್ಕೆ ಬಿಡಿ, ಚಕ್ರವನ್ನು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ. ಪೈಪ್ ಜೋಡಿಸಿದ ಮೇಲೆ ಎಂಜಿನ್ ಹತ್ತಿಕೊಳ್ಳದ ಹಾಗೆ ಮಾಡಿ: ಪೆಟ್ರೋಲಿನಲ್ಲಿ ಫ್ಯೂಯಲ್ ಪಂಪ್ ಫ್ಯೂಸ್, ಡೀಸೆಲ್ಲಿನಲ್ಲಿ ಇಂಜೆಕ್ಟರ್ ಕನೆಕ್ಟರ್‌ಗಳನ್ನು ತೆಗೆಯಿರಿ. ಇದನ್ನು ಕೀ ಆಫ್ ಇದ್ದಾಗಲೇ ಮಾಡಿ, ಡೀಸೆಲ್ ಹೈ ಪ್ರೆಷರ್ ಪೈಪುಗಳನ್ನು ಮಾತ್ರ ಸಡಿಲಿಸಬೇಡಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಆಯಿಲ್ ದೀಪ ಆರುವವರೆಗೆ ಹೀಗೆ ಮಾಡಿ.

ಆಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ, ಐದು ನಿಮಿಷ ಐಡ್ಲಿಂಗ್‌ನಲ್ಲೇ ಬಿಡಿ. ಹೊಸ ಟರ್ಬೋ ಸದ್ದು ಕೇಳುವ ಆಸೆಗೆ ರೇಸ್ ಕೊಡುವುದು ಬೇಡ. ಸೈಲೆನ್ಸರಿನಲ್ಲಿ ಉಳಿದ ಹಳೆಯ ಆಯಿಲ್ ಸುಡುವವರೆಗೆ ಹೊಗೆ ಬರುತ್ತದೆ, ಅದು ಇಪ್ಪತ್ತು ಮೂವತ್ತು ನಿಮಿಷದ ಓಟದಲ್ಲಿ ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚುತ್ತಾ ಹೋದರೆ ನಿಲ್ಲಿಸಿ, ಡ್ರೈನ್ ಮತ್ತು ಬ್ರೀದರ್ ಮತ್ತೆ ನೋಡಿ. ಟರ್ಬೋಗೆ ಕೂಲಂಟ್ ಪೈಪ್ ಇದ್ದರೆ ಗಾಳಿ ತೆಗೆಯಿರಿ. ಎಲೆಕ್ಟ್ರಾನಿಕ್ ಆಕ್ಚುಯೇಟರಿಗೆ ಸ್ಕ್ಯಾನರಿನಿಂದ ಕ್ಯಾಲಿಬ್ರೇಷನ್ ಆಗಬೇಕು, ಕೋಡ್ ಅಳಿಸಬೇಕು. ನೂರು ಕಿಲೋಮೀಟರ್ ಆದ ಮೇಲೆ ಕ್ಲಾಂಪ್, ಬ್ಯಾಂಜೋ ಬೋಲ್ಟ್, ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ. ಹಳೆಯ ಟರ್ಬೋದ ಲೋಹದ ಪುಡಿ ಆಯಿಲಿಗೆ ಸೇರಿದ್ದರೆ ಸಾವಿರ ಕಿಲೋಮೀಟರಿನೊಳಗೆ ಆಯಿಲ್ ಮತ್ತು ಫಿಲ್ಟರ್ ಮತ್ತೆ ಬದಲಿಸಿ.

ಮುಂದಕ್ಕೆ ಆಯಿಲ್ ಗ್ರೇಡ್ ಓನರ್ಸ್ ಮ್ಯಾನುಯಲ್ ಹೇಳಿದ್ದೇ ಇರಲಿ. ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿ ಬಿಡುವ ಆಯಿಲ್ ಬೇಕು, ಡಬ್ಬದ ಮೇಲೆ ಸಿ2 ಅಥವಾ ಸಿ3 ಅಂತ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಬೇಡ, ಮೊದಲ ಕೆಲವು ಕಿಲೋಮೀಟರ್ ಹಗುರವಾಗಿ ಓಡಿಸಿ. ನಿಲ್ಲಿಸುವಾಗ ಪ್ರತಿ ಸಲವೂ ಐಡ್ಲಿಂಗ್‌ನಲ್ಲಿ ಕಾಯಬೇಕಿಲ್ಲ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಬಂದು ಮದ್ದೂರು ವಡೆಗೆ ನಿಲ್ಲಿಸುವಷ್ಟರಲ್ಲಿ ಟರ್ಬೋ ತಣ್ಣಗಾಗಿರುತ್ತದೆ. ಆದರೆ ಚಾಮುಂಡಿ ಬೆಟ್ಟ ಹತ್ತಿ ನೇರ ಪಾರ್ಕಿಂಗಿಗೆ ಹೋದಾಗ, ಮಡಿಕೇರಿ ಅಥವಾ ಊಟಿಯ ಏರಿನ ನಡುವೆ ಫೋಟೋಗೆ ನಿಲ್ಲಿಸಿದಾಗ, ಎರಡು ನಿಮಿಷ ಎಂಜಿನ್ ಆನ್ ಇರಲಿ.